ಸ್ಟೆಪ್ನಿ ಇಲ್ಲದ ಕಾರು

"ಸ್ಟೆಪ್ನಿ ಹಾಕ್ಕೊಂಡು ಹೊರಡೋಣ ನಡಿಯೋ, ಅದಕ್ಯಾಕೆ ಇಷ್ಟು ಯೋಚನೆ ಮಾಡ್ತೀಯ?" ಅಂದಳು ಅಮ್ಮ.

ರಾತ್ರಿ ಎಂಟೂವರೆ. ಹಾಸನದಿಂದ ಬೆಂಗಳೂರಿಗೆ ಬರುತ್ತಿದ್ದೆವು. ಮಾರನೇ ದಿನ ಬೆಳಗ್ಗೆ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಕುಣಿಗಲ್ ದಾಟಿ ಸ್ವಲ್ಪ ದೂರ ಬಂದಿದ್ದೆವಷ್ಟೆ, ಮುಂದಿದ್ದ ಲಾರಿ ಸರಕ್ಕನೆ ಪಕ್ಕಕ್ಕೆ ಸರಿಯಿತು. ಗುಂಡಿ ಕಂಡದ್ದು ಆಗಲೇ. ದಢ್ ಅಂತ ಸದ್ದು. ಇಳಿದು ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಎಡಗಡೆ ಮುಂದಿನ ಅಲಾಯ್ ಚಕ್ರದ ಅಂಚು ಮಡಿಚಿಕೊಂಡು, ಒಳಗಡೆ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ಕಾರಿನ ಜೊತೆ ಕೊಟ್ಟಿದ್ದ ಪಂಕ್ಚರ್ ಕಿಟ್ ಟೈರಿನ ತೂತು ಮುಚ್ಚಬಲ್ಲದೇ ಹೊರತು ಒಡೆದ ರಿಮ್ಮಿಗೆ ಅದರಿಂದ ಏನೂ ಆಗದು. ನನ್ನದು ಎಲೆಕ್ಟ್ರಿಕ್ ಕಾರು. ಡಿಕ್ಕಿಯ ಅಡಿ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಬೇರೇನೋ ಸಾಮಾನು ಇತ್ತು.

"ಇದರಲ್ಲಿ ಸ್ಟೆಪ್ನಿ ಇಲ್ಲಮ್ಮ" ಅಂದೆ.

"ಸ್ಟೆಪ್ನಿ ಇಲ್ಲದೇ ಇರೋ ಕಾರು ಯಾರು ತಗೋತಾರೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯಾಕ್ಸಿ ಹಿಡಿದು ಬೆಂಗಳೂರು ಸೇರಿದೆವು, ಆಪರೇಷನ್ನೂ ಆಯಿತು. ಕಾರು ಇನ್ನೊಂದು ಲಾರಿಯ ಬೆನ್ನೇರಿ ಆಮೇಲೆ ಬಂತು. ಕಂಪನಿಯವರು ಅದೇ ಚಕ್ರ ತರಿಸಲು ಒಂದೂವರೆ ತಿಂಗಳು ಬೇಕು ಅಂದರು. ಅಷ್ಟು ದಿನ ಕಾಯಲಾಗದೆ ಹೊರಗೆ ಚಕ್ರ ಹುಡುಕಲು ಹೊರಟೆ. ಹಾಗೆ ಹುಡುಕುತ್ತಾ ಹೋದವನಿಗೆ ಒಂದು ಇತಿಹಾಸವೇ ಸಿಕ್ಕಿತು.

ಮೊದಲು ಅಮ್ಮ ಬಾಯ್ತುಂಬ ಹೇಳಿದ ಆ ಪದವನ್ನೇ ನೋಡೋಣ. ಸ್ಟೆಪ್ನಿ ಅನ್ನೋದು ನಮ್ಮ ಪದವಲ್ಲ ಅಂತ ಎಲ್ಲರಿಗೂ ಗೊತ್ತು, ಇಂಗ್ಲಿಷ್ ಅಂದುಕೊಂಡಿರುತ್ತೇವೆ. ಆದರೆ ಇಂಗ್ಲೆಂಡಿನಲ್ಲಿ ಇವತ್ತು ಈ ಪದ ಹೇಳಿದರೆ ಯಾರಿಗೂ ಅರ್ಥ ಆಗೋದು ಕಷ್ಟ. ಅದು ಒಂದು ಬೀದಿಯ ಹೆಸರು. ವೇಲ್ಸ್‌ನ ಲನೆಥ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಇದೆ. ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು 1904ರಲ್ಲಿ ಒಂದು ಬಿಡಿ ಚಕ್ರ ಮಾಡಿದರು. ಆ ಕಾಲದ ಕಾರಿನ ಮರದ ಚಕ್ರವನ್ನು ರಸ್ತೆಯಲ್ಲಿ ನಿಂತು ಬಿಚ್ಚುವ ಹಾಗಿರಲಿಲ್ಲ. ಪಂಕ್ಚರ್ ಆಯಿತು ಅಂದರೆ ಟೈರು ಕಿತ್ತು, ತೇಪೆ ಹಚ್ಚಿ, ಗಾಳಿ ಹೊಡೆದು, ಬೆವರು ಒರೆಸಿಕೊಂಡು ಮುಂದೆ ಹೋಗಬೇಕಿತ್ತು. ಡೇವಿಸ್ ಸಹೋದರರು ಮಾಡಿದ್ದು ಕಡ್ಡಿಗಳಿಲ್ಲದ ಬರೀ ಉಕ್ಕಿನ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಕೊಕ್ಕೆಗಳಿಂದ ಬಿಗಿದು ಹೊರಟುಬಿಡುವುದು, ಅಷ್ಟೆ.

ಕಾರು ಮಾಡಿದವನೊಬ್ಬ, ಚಕ್ರ ಮಾಡಿದವನು ಇನ್ನೊಬ್ಬ. ಹೊರಗಿನವರು ಮಾಡಿ ಹೊರಗಡೆ ಮಾರಿದ ಚಕ್ರ, ಬೇರೆಬೇರೆ ಕಂಪನಿಯ ಕಾರುಗಳಿಗೂ ಕೂರುತ್ತಿತ್ತು. ಯಾಕೆಂದರೆ ಅದಕ್ಕೆ ಅಚ್ಚಿನ ಹಂಗೂ ಇರಲಿಲ್ಲ, ಬೋಲ್ಟಿನ ಹಂಗೂ ಇರಲಿಲ್ಲ. ಆ ಚಕ್ರ ಎಷ್ಟು ದೇಶಗಳಿಗೆ ಹೋಯಿತು ಅಂದರೆ, ಭಾರತದಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾದಲ್ಲಿ ಇವತ್ತಿಗೂ ಸ್ಪೇರ್ ಚಕ್ರಕ್ಕೆ ಸ್ಟೆಪ್ನಿ ಅಂತಲೇ ಹೆಸರು. ಬ್ರೆಜಿಲಿನವರು ಎಸ್ಟೆಪಿ ಅನ್ನುತ್ತಾರೆ. ಹುಟ್ಟಿದ ಊರಲ್ಲಿ ಸತ್ತುಹೋದ ಪದ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಗಟ್ಟಿಯಾಗಿ ಬದುಕಿದೆ.

ಆ ಚಕ್ರ ಮಾತ್ರ ಬಹಳ ವರ್ಷ ಬಾಳಲಿಲ್ಲ. 1908ರ ಸುಮಾರಿಗೆ ಇಂಗ್ಲೆಂಡಿನಲ್ಲೇ ಎರಡು ಹೊಸ ಚಕ್ರ ಬಂದವು. ಸೈಕಲ್ ಮಾಡುತ್ತಿದ್ದ ರಡ್ಜ್-ವಿಟ್ವರ್ತ್ ಕಂಪನಿಯದು ತಂತಿ ಕಡ್ಡಿಯ ಚಕ್ರ, ನಡುವೆ ಒಂದೇ ದೊಡ್ಡ ನಟ್ಟು. ಜೋಸೆಫ್ ಸ್ಯಾಂಕಿ ಕಂಪನಿಯದು ಉಕ್ಕಿನ ತಗಡನ್ನು ಒತ್ತಿ ಮಾಡಿದ ಚಕ್ರ. ಎರಡನ್ನೂ ಹಬ್ಬಿನಿಂದ ಬಿಚ್ಚಿ ತೆಗೆದು ಇನ್ನೊಂದು ಹಾಕಬಹುದಿತ್ತು. ಇಡೀ ಚಕ್ರವನ್ನೇ ಬದಲಾಯಿಸಬಹುದು ಅಂದಮೇಲೆ ಕೊಕ್ಕೆ ಹಾಕಿ ಬಿಗಿಯುವ ಬಳೆ ಯಾರಿಗೆ ಬೇಕು? ಆದರೆ ಅಲ್ಲಿಂದಲೇ ನನ್ನ ತಾಪತ್ರಯವೂ ಶುರುವಾಯಿತು ಅನ್ನಿ. ಚಕ್ರವನ್ನು ನಟ್ಟುಗಳಿಂದ ಹಬ್ಬಿಗೆ ಬಿಗಿಯುವ ಪದ್ಧತಿ ನೆಲೆಯೂರಿದ ಮೇಲೆ, ಎಷ್ಟು ನಟ್ಟು, ಎಷ್ಟು ದೂರದಲ್ಲಿ ಅನ್ನುವುದನ್ನು ಒಂದೊಂದು ಕಂಪನಿಯೂ ತನಗೆ ಬೇಕಾದಂತೆ ತೀರ್ಮಾನ ಮಾಡಿತು.

ನಮ್ಮ ಎತ್ತಿನ ಗಾಡಿಯಲ್ಲೂ ಇದೇ ಕಥೆ ಇತ್ತಲ್ಲ. ಗುಂಬ, ಅಚ್ಚು, ಕಡಾಣಿ ಎಲ್ಲಕ್ಕೂ ಅಳತೆ ಅಂದರೆ ಊರ ಬಡಗಿಯ ಕೈ. ಪಕ್ಕದೂರಿನ ಗಾಡಿಯ ಚಕ್ರ ನಮ್ಮ ಗಾಡಿಗೆ ಕೂರಲೇಬೇಕು ಅಂತೇನೂ ಇರಲಿಲ್ಲ. ಆದರೆ ಕೂರದಿದ್ದರೆ ಕೂರಿಸಿಕೊಡುವ ಬಡಗಿ ಊರಲ್ಲೇ ಇರುತ್ತಿದ್ದ.

ಕಾರಿನ ಚಕ್ರ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು "ಪಿಸಿಡಿ ಎಷ್ಟು ಸಾರ್?" ಅಂತ. ನಟ್ಟುಗಳು ಕೂರುವ ತೂತುಗಳ ನಡುವಿನಿಂದ ಒಂದು ವೃತ್ತ ಎಳೆದರೆ ಅದರ ಅಡ್ಡಳತೆಯೇ ಪಿಸಿಡಿ. ಹಳೇ ಮಾರುತಿ 800ಕ್ಕೆ ನಾಲ್ಕು ನಟ್ಟು, 114.3 ಮಿಲಿಮೀಟರ್. ಜಿಪ್ಸಿಗೆ ಐದು ನಟ್ಟು, 139.7. ಈ ಸಂಖ್ಯೆಗಳನ್ನು ನೋಡಿ. ಯಾವ ಎಂಜಿನಿಯರ್ ಕೂತು 114.3 ಅಂತ ಲೆಕ್ಕ ಹಾಕುತ್ತಾನೆ? ಅದು ನಾಲ್ಕೂವರೆ ಇಂಚು. 139.7 ಅಂದರೆ ಐದೂವರೆ ಇಂಚು. ಅಮೆರಿಕದ ಫೋರ್ಡ್ 1928ರ ಮಾಡೆಲ್ ಎ ಕಾರಿಗೆ ಐದೂವರೆ ಇಂಚಿನ ವೃತ್ತ ಇಟ್ಟಿತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೂ ಅದೇ ಇತ್ತು. ಮುಂದೆ ಜಪಾನಿನ ಸುಜುಕಿಯವರೂ ತಮ್ಮ ಪುಟ್ಟ ಜೀಪಿಗೆ ಅದನ್ನೇ ಇಟ್ಟರು, ಅದೇ ನಮ್ಮಲ್ಲಿ ಜಿಪ್ಸಿಯಾಯಿತು. ನಾಲ್ಕೂವರೆ ಇಂಚು ಕೂಡ ಅಮೆರಿಕದ ಕಾರುಗಳಲ್ಲಿ ಬಳಕೆಯಲ್ಲಿದ್ದ ಅಳತೆಯೇ, ಜಪಾನಿನ ಕಾರುಗಳಲ್ಲೂ ಬೇರೂರಿತು.

ಜರ್ಮನಿಯವರು ಮೊದಲಿನಿಂದ ಮೆಟ್ರಿಕ್ ಜನ. ಮರ್ಸಿಡಿಸ್, ಆಡಿ ಕಾರುಗಳಲ್ಲಿ ಸಾಮಾನ್ಯವಾಗಿ ಐದು ನಟ್ಟು, 112 ಮಿಲಿಮೀಟರ್. ಫಿಯಟ್‌ನವರು ನಾಲ್ಕು ನಟ್ಟಿಗೆ 98 ಅಂದರು, ಮಿಕ್ಕವರು 100 ಅಂದರು. ಭಾರತ 1956ರಲ್ಲೇ ಕಾಯ್ದೆ ಮಾಡಿ ಸೇರು, ಗಜ, ಇಂಚುಗಳಿಗೆ ವಿದಾಯ ಹೇಳಿತು. ಆದರೆ ಟೈರಿನ ಮೇಲೆ 215/60 ಆರ್16 ಅಂತ ಬರೆದದ್ದನ್ನು ಓದಿ ನೋಡಿ. ಅಗಲ ಮಿಲಿಮೀಟರಿನಲ್ಲಿ, ಎತ್ತರ ಶೇಕಡಾ ಲೆಕ್ಕದಲ್ಲಿ, ಚಕ್ರದ ಅಳತೆ ಇಂಚಿನಲ್ಲಿ! ಜಮೀನಿನ ಪತ್ರದಲ್ಲಿ ಎಕರೆ, ಗುಂಟೆ ಬರೆದು ಸೈಟಿನ ಪತ್ರದಲ್ಲಿ ಅಡಿ ಬರೆಯುವ ನಮಗೆ ಇದೇನು ಹೊಸದಲ್ಲ ಬಿಡಿ.

ಎಲೆಕ್ಟ್ರಿಕ್ ಕಾರು ಬಂದಾಗ ಈ ಹಳೇ ಲೆಕ್ಕವೆಲ್ಲ ಅಳಿಸಿ ಹೊಸದು ಬರೆಯಬಹುದಿತ್ತು. ಬರೆಯಲಿಲ್ಲ. ಟೆಸ್ಲಾದ ಮಾಡೆಲ್ ಎಸ್‌ನಲ್ಲಿ 120, ಅದೇ ಕಂಪನಿಯ ಮಾಡೆಲ್ 3ರಲ್ಲಿ 114.3. ನಿಸಾನ್ ಲೀಫ್‌ನಲ್ಲೂ 114.3. ಅಂದರೆ ಪೆಟ್ರೋಲೇ ಬೇಡ ಅಂದ ಕಾರುಗಳೂ ಅಮೆರಿಕದ ಆ ಹಳೇ ನಾಲ್ಕೂವರೆ ಇಂಚಿನ ಮೇಲೇ ಓಡುತ್ತಿವೆ. ಹೀಗೆ ಹಳೇ ದಾರಿ ಹಿಡಿದವರಿಗೆ ಒಂದು ಲಾಭ ಇದೆ, ಹೊರಗೆ ಬೇಕಾದಷ್ಟು ಚಕ್ರ ಸಿಗುತ್ತವೆ. ದಾರಿ ಬಿಟ್ಟವರ ಪಾಡು ಬೇರೆ. ಷೆವರ್ಲೆ ಬೋಲ್ಟ್ ಕಾರಿನದು ಐದು ನಟ್ಟು, 105 ಮಿಲಿಮೀಟರ್. ಅಮೆರಿಕದಂಥ ಅಮೆರಿಕದಲ್ಲೇ ಅದಕ್ಕೆ ಹೊರಗಿನ ಚಕ್ರ ಸಿಗುವುದು ಅಪರೂಪ. 2013ರಲ್ಲಿ ಬಂದ ಬಿಎಂಡಬ್ಲ್ಯು ಐ3ದು ಇನ್ನೂ ವಿಚಿತ್ರ. ನಟ್ಟಿನ ವೃತ್ತ ಮಾಮೂಲಿ 112, ಆದರೆ ಚಕ್ರ 19 ಇಂಚು ಎತ್ತರ, ಟೈರು ಬರೀ 155 ಮಿಲಿಮೀಟರ್ ಅಗಲ. ಗಾಳಿಯ ತಡೆ ಕಡಿಮೆಯಾಗಲಿ, ಒಂದು ಚಾರ್ಜಿಗೆ ನಾಲ್ಕು ಮೈಲಿ ಹೆಚ್ಚು ಹೋಗಲಿ ಅಂತ ಸೈಕಲ್ಲಿನಂತೆ ತೆಳ್ಳಗೆ ಮಾಡಿದ್ದು. ಆ ಅಳತೆಯ ಟೈರನ್ನು ಬ್ರಿಜ್‌ಸ್ಟೋನ್ ಕಂಪನಿ ಅದೊಂದು ಕಾರಿಗೆಂದೇ ತಯಾರಿಸಬೇಕಾಯಿತು.

ನಮ್ಮ ಬೆಂಗಳೂರಿನದೇ ರೇವಾ ನೆನಪಿದೆಯಾ? 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಎಲೆಕ್ಟ್ರಿಕ್ ಕಾರಿಗೆ 13 ಇಂಚಿನ ಸಣ್ಣ ಚಕ್ರ. ಜೀ-ವಿಜ್ ಅನ್ನೋ ಹೆಸರಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಆಗ ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಕುಣಿಗಲ್ ಹತ್ತಿರ ನಿಂತ ರಾತ್ರಿ, ಆ ನಗು ಸ್ವಲ್ಪ ಬೇಗ ಆಯಿತೇನೋ ಅನ್ನಿಸಿತು.

ಈಗ ಜೆ.ಸಿ. ರಸ್ತೆಗೆ ಬನ್ನಿ. ನನ್ನ ಕಾರಿನದು ಐದು ನಟ್ಟು, 114.3. ಮೊದಲು ಹೋದ ಅಂಗಡಿಯಲ್ಲಿ ಚಂದದ ಅಲಾಯ್ ತೋರಿಸಿದರು. ಹಿಂದೆ ಅಚ್ಚೊತ್ತಿದ್ದನ್ನು ಓದಿದೆ, 5×112 ಅಂತ ಇತ್ತು. "ಕೂರುತ್ತೆ ಸಾರ್, ಎರಡು ಮಿಲಿಮೀಟರ್ ಏನೂ ಆಗಲ್ಲ, ನಟ್ಟು ಬಿಗಿ ಮಾಡಿದ್ರೆ ಎಳ್ಕೊಳ್ಳುತ್ತೆ" ಅಂದ. ಹುಡುಗನಿಗೆ ಕರೆದು ಹಾಕಿಸಿಯೇ ಬಿಟ್ಟ. ನಿಜಕ್ಕೂ ಕೂತಿತು! ಬೆಲೆಯೂ ಕಮ್ಮಿ. ನಾನು ಹೆಚ್ಚೂಕಡಿಮೆ ದುಡ್ಡು ಕೊಡುವುದರಲ್ಲಿದ್ದೆ.

ಪಕ್ಕದ ಗಲ್ಲಿಯಲ್ಲಿ ವ್ಹೀಲ್ ಬ್ಯಾಲೆನ್ಸಿಂಗ್ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು ಅಲ್ಲೇ ಚಹಾ ಕುಡಿಯುತ್ತಾ ನಿಂತಿದ್ದರು. ಗ್ಲಾಸು ಕೆಳಗಿಟ್ಟು ಬಂದರು. ನಟ್ಟುಗಳನ್ನೆಲ್ಲ ಬಿಚ್ಚಿಸಿ, "ಸಾರ್, ಪಾನ ಮುಟ್ಟಬೇಡಿ, ಬರೀ ಬೆರಳಲ್ಲಿ ತಿರುಗಿಸಿ" ಅಂದರು. ತಿರುಗಿಸಿದೆ. ಎರಡು ನಟ್ಟು ಒಳಗೆ ಹೋದವು. ಮಿಕ್ಕವು ಕೊನೆಯ ಸುತ್ತಿನಲ್ಲಿ ಓರೆಯಾಗಿ ಸಿಕ್ಕಿಕೊಂಡವು.

"ನೋಡಿದ್ರಾ? ಸರಿಯಾದ ಚಕ್ರ ಆದ್ರೆ ಐದೂ ಬೆರಳಲ್ಲೇ ಪೂರ್ತಿ ಹೋಗ್ಬೇಕು. ಇದು ಬಿಗಿ ಆಗುತ್ತೆ, ನಾನೇನು ಇಲ್ಲ ಅನ್ನಲ್ಲ. ಆದ್ರೆ ಸ್ಟಡ್ ಬಗ್ಗಿರುತ್ತೆ. ಹೈವೇಲಿ ನೂರರ ಸ್ಪೀಡಲ್ಲಿ ಒಂದೊಂದೇ ಸಡಿಲ ಆಗುತ್ತೆ. ಕೂರದೇ ಇರೋ ಚಕ್ರದಿಂದ ಯಾರೂ ಸತ್ತಿಲ್ಲ ಸಾರ್, ಕೂತ ಹಂಗೆ ಕಾಣೋ ಚಕ್ರದಿಂದಲೇ ಅಪಾಯ."

ಲೆಕ್ಕ ಹಾಕಿ ನೋಡಿ. ಅಡ್ಡಳತೆಯಲ್ಲಿ 2.3 ಮಿಲಿಮೀಟರ್ ವ್ಯತ್ಯಾಸ ಅಂದರೆ ಒಂದೊಂದು ಸ್ಟಡ್ಡೂ ತೂತಿನ ನಡುವಿನಿಂದ 1.15 ಮಿಲಿಮೀಟರ್ ಸರಿದಿರುತ್ತದೆ. ಅದರ ಮೇಲೆ ಎರಡು ಟನ್ನಿಗೆ ಹತ್ತಿರದ ಭಾರ. ಪಕ್ಕದ ಸೀಟಿನಲ್ಲಿ ಅಮ್ಮ. ಬೆವರು ಬಂತು.

ಮೇಸ್ತ್ರಿಯೇ ಉಳಿದ ಪಾಠ ಮಾಡಿದರು. ಪಿಸಿಡಿ ಹೊಂದಿದರೆ ಸಾಲದು. ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ದೊಡ್ಡದಿದ್ದರೆ ಅಳತೆಯ ಬಳೆ ಹಾಕಿ ತುಂಬಬಹುದು, ಚಿಕ್ಕದಿದ್ದರೆ ಆ ಚಕ್ರದ ಆಸೆಯನ್ನೇ ಬಿಡಬೇಕು. ಚಕ್ರದ ಮೇಲೆ ಇಟಿ ಅಂತ ಒಂದು ಸಂಖ್ಯೆ ಇರುತ್ತದೆ. ಚಕ್ರ ಒಳಗೆ ಎಷ್ಟು, ಹೊರಗೆ ಎಷ್ಟು ಚಾಚುತ್ತದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ತಪ್ಪಿದರೆ ಒಳಗಡೆ ಬ್ರೇಕಿಗೋ ಸಸ್ಪೆನ್ಷನ್ನಿಗೋ ತಾಗುತ್ತದೆ, ಇಲ್ಲವೇ ಹೊರಗಡೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ನಟ್ಟಿನ ಮೂತಿ ಚೂಪೋ ಗುಂಡೋ ಅದನ್ನೂ ನೋಡಬೇಕು. ಕೊನೆಯದಾಗಿ, ಒಂದು ಚಕ್ರ ಎಷ್ಟು ಕಿಲೋ ಹೊರುತ್ತದೆ ಅನ್ನುವುದು. "ಪೆಟ್ರೋಲ್ ಗಾಡಿ ಚಕ್ರ ತಂದು ಬ್ಯಾಟರಿ ಗಾಡಿಗೆ ಹಾಕೋರು ಇದೊಂದು ಮರೀತಾರೆ ಸಾರ್. ಬ್ಯಾಟರಿ ಭಾರ ಯಾರು ಹೊರೋದು?" ಅಂದರು.

ಅದು ಇವತ್ತಿನ ಸಮಸ್ಯೆಯೂ ಅಲ್ಲ. 1899ರಲ್ಲಿ ಬೆಲ್ಜಿಯಂನ ಕಾಮಿಲ್ ಜೆನಾಟ್ಜಿ ಎಂಬಾತ ಗಂಟೆಗೆ ನೂರು ಕಿಲೋಮೀಟರ್ ವೇಗ ದಾಟಿದ ಮೊದಲ ಕಾರು ಓಡಿಸಿದ. ಅದು ಎಲೆಕ್ಟ್ರಿಕ್ ಕಾರೇ. ಒಡಲ ತುಂಬ ಬ್ಯಾಟರಿ, ತೂಕ ಒಂದೂವರೆ ಟನ್ನಿನ ಹತ್ತಿರ. ಅಷ್ಟು ಭಾರವನ್ನು ಹೊತ್ತು ಓಡಿದ್ದು ಮಿಶೆಲಿನ್ ಕಂಪನಿಯ ಗಾಳಿ ಟೈರುಗಳು.

ಹುಡುಕಾಟ ಒಂಬತ್ತು ದಿನ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಬೇರೊಂದು ದೊಡ್ಡ ಗಾಡಿಯ ಚಕ್ರ. 114.3 ಸರಿ ಇತ್ತು, ಇಟಿ ಸರಿ ಇತ್ತು, ನಟ್ಟಿನ ಮೂತಿ ಸರಿ ಇತ್ತು, ಭಾರ ಹೊರುವ ಲೆಕ್ಕ ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ನಡುವಿನ ತೂತು ಮಾತ್ರ ಸ್ವಲ್ಪ ದೊಡ್ಡದು. ಮೇಸ್ತ್ರಿ ಹಬ್ಬನ್ನು ಅಳೆದು, ಲೇತ್ ಅಂಗಡಿಗೆ ಕಳಿಸಿ ಅಲ್ಯೂಮಿನಿಯಂ ಬಳೆ ಮಾಡಿಸಿದರು. ಕೂರದ್ದನ್ನು ಕೂರಿಸಿಕೊಡುವ ಬಡಗಿ ಊರಲ್ಲಿ ಇನ್ನೂ ಇದ್ದಾನೆ ಅಂತ ಆಗ ಅನ್ನಿಸಿತು. ಐದು ನಟ್ಟುಗಳನ್ನೂ ನಾನೇ ಬೆರಳಲ್ಲಿ ತಿರುಗಿಸಿದೆ. ಐದೂ ಪೂರ್ತಿ ಹೋದವು.

ಸ್ಪೇರ್ ಚಕ್ರ ಇರಲೇಬೇಕು ಅನ್ನುವ ನಿಯಮವನ್ನು 2020ರಲ್ಲಿ ಸರ್ಕಾರವೇ ಸಡಿಲಿಸಿದೆ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ಸಾಧನ, ರಿಪೇರಿ ಕಿಟ್ ಇದ್ದರೆ ಸಾಕು. ಜಾಗ ಉಳಿಯುತ್ತದೆ, ಭಾರ ಉಳಿಯುತ್ತದೆ, ನಿಜ. ಆದರೂ ಆಮೇಲೆ ಕಂಪನಿಯಿಂದ ಹೊಸ ಚಕ್ರ ಬಂದಾಗ ಅದನ್ನು ಹಾಕಿಸಿ, ಮೇಸ್ತ್ರಿ ಹೊಂದಿಸಿಕೊಟ್ಟ ಚಕ್ರವನ್ನು ಬಳೆ ಸಮೇತ ಡಿಕ್ಕಿಯಲ್ಲಿ ಇಟ್ಟುಕೊಂಡೆ. ಸೂಟ್‌ಕೇಸ್ ಇಡಲು ಜಾಗ ಇಲ್ಲ ಅಂತ ಮನೆಯಲ್ಲಿ ಎಲ್ಲರೂ ಗೊಣಗುತ್ತಾರೆ, ಅಮ್ಮನೊಬ್ಬಳನ್ನು ಬಿಟ್ಟು. ಕಣ್ಣು ಚೆನ್ನಾಗಿ ಕಾಣಿಸುತ್ತಿದೆ ಈಗ ಅವಳಿಗೆ. ಹಾಸನಕ್ಕೆ ಹೊರಡುವ ಮುಂಚೆ ಒಮ್ಮೆ ಡಿಕ್ಕಿ ತೆಗೆಸಿ ನೋಡುತ್ತಾಳೆ.