ಪಾಲಕ್ ಸೊಪ್ಪಿನ ಕಬ್ಬಿಣ: ಕಥೆಯೆಷ್ಟು, ಸತ್ವವೆಷ್ಟು?

ರಕ್ತಹೀನತೆ ಇದೆಯೆಂದು ವೈದ್ಯರು ಹೇಳಿದೊಡನೆ ಮನೆಯವರಿಗೆ ಮೊದಲು ನೆನಪಾಗುವುದು ಪಾಲಕ್ ಸೊಪ್ಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ 48. ಆದ್ದರಿಂದ ಈ ಸೊಪ್ಪಿನ ಮೇಲಿನ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಇರುವ ಕಬ್ಬಿಣ ಸುಮಾರು 3 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನವೊಂದಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಸೊಪ್ಪಿನಲ್ಲಿರುವ ಕಬ್ಬಿಣವೆಲ್ಲ ದೇಹಕ್ಕೆ ದಕ್ಕುವುದೂ ಇಲ್ಲ. ಸಸ್ಯಮೂಲದ ಕಬ್ಬಿಣದಲ್ಲಿ ರಕ್ತ ಸೇರುವುದು ಅಲ್ಪಾಂಶ ಮಾತ್ರ. ಜೊತೆಗೆ ನಿಂಬೆರಸ ಸೇರಿದರೆ ಅದರಲ್ಲಿರುವ ಸಿ ಜೀವಸತ್ವದಿಂದ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಚಹಾ, ಕಾಫಿ ಕುಡಿದರೆ ಕುಗ್ಗುತ್ತದೆ.

ಹಾಗಾದರೆ ಪಾಲಕ್‌ಗೆ ಕಬ್ಬಿಣದ ಕಣಜವೆಂಬ ಬಿರುದು ಬಂದದ್ದು ಹೇಗೆ? ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿಯೊಬ್ಬರು ದಶಮಾಂಶ ಬಿಂದುವನ್ನು ತಪ್ಪಾಗಿ ಇಟ್ಟಿದ್ದರಿಂದ ಅಂಕಿ ಹತ್ತು ಪಟ್ಟಾಯಿತೆಂಬ ಕಥೆ ಬಹು ಜನಪ್ರಿಯ. 1981ರಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಬರೆದ ಬಳಿಕ ಪಠ್ಯಗಳೂ ಪತ್ರಿಕೆಗಳೂ ಅದನ್ನೇ ಉರುಹೊಡೆದವು. ಆದರೆ 2010ರಲ್ಲಿ ಮೈಕ್ ಸಟನ್ ಮೂಲ ಹುಡುಕಿ ಹೊರಟಾಗ ಅಂಥ ಬಿಂದುದೋಷಕ್ಕೆ ಆಧಾರವೇ ದೊರೆಯಲಿಲ್ಲ. 2014ರಲ್ಲಿ ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್, ವಿದ್ವಾಂಸರು ಮೂಲವನ್ನು ನೋಡದೆ ಒಬ್ಬರಿಂದೊಬ್ಬರು ಉಲ್ಲೇಖಿಸುವ ಅಭ್ಯಾಸಕ್ಕೆ ಇದನ್ನೇ ನಿದರ್ಶನವಾಗಿ ಕೊಟ್ಟರು. ಒಂದು ತಪ್ಪನ್ನು ತಿದ್ದಲು ಹೊರಟ ಕಥೆಯೇ ಇನ್ನೊಂದು ತಪ್ಪಾಗಿತ್ತು! ಹಸಿ ಸೊಪ್ಪಿನಲ್ಲಿ ಶೇ 90ಕ್ಕೂ ಹೆಚ್ಚು ನೀರು ಇರುವುದರಿಂದ, ಒಣಗಿಸಿದ ಸೊಪ್ಪಿನ ಅಂಕಿಯನ್ನು ಹಸಿಯದೆಂದು ಓದಿಕೊಂಡರೆ ಹತ್ತು ಪಟ್ಟು ವ್ಯತ್ಯಾಸ ತಾನಾಗಿಯೇ ಬರುತ್ತದೆ ಎಂಬುದನ್ನು ಗಮನಿಸಬಹುದು. ವ್ಯಂಗ್ಯಚಿತ್ರದ ಪಾಪಾಯ್ ಸಹ 1932ರ ಕಂತಿನಲ್ಲಿ ಈ ಸೊಪ್ಪನ್ನು ಹೊಗಳಿದ್ದು ಎ ಜೀವಸತ್ವಕ್ಕಾಗಿಯೇ ಹೊರತು ಕಬ್ಬಿಣಕ್ಕಾಗಿ ಅಲ್ಲ.

ಇನ್ನೊಂದು ಗೊಂದಲ ಹೆಸರಿನದು. ವಿದೇಶಿ ಅಧ್ಯಯನಗಳು ಹೇಳುವ ಸ್ಪಿನಾಚ್ 'ಸ್ಪಿನೇಷಿಯಾ ಒಲರೇಸಿಯಾ' ಎಂಬ ಸಸ್ಯ. ನಮ್ಮಲ್ಲಿ ಪಾಲಕ್ ಎಂದು ಬೆಳೆಯುವುದರಲ್ಲಿ ಹೆಚ್ಚಿನದು ಬೀಟ್‌ರೂಟ್ ಜಾತಿಗೆ ಸೇರಿದ, ಎಲೆಗಾಗಿಯೇ ಬೆಳೆಸುವ ಸಸ್ಯ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನುಪಮ' ತಳಿ ಈ ಬಗೆಯದು. ಎರಡೂ ಒಂದೇ ಕುಟುಂಬದವು. ದಂಟು, ಹರಿವೆಗಳೂ ಅದೇ ಬಳಗದವು. ಆದರೆ ಬಸಳೆಯದು ಬೇರೆಯೇ ಕುಟುಂಬ.

ಪಾಲಕ್‌ಗೆ ನಿಜವಾಗಿ ಸಲ್ಲಬೇಕಾದ ಗೌರವ ಫೋಲಿಕ್ ಆಮ್ಲದ್ದು. ಇದರ ಕಥೆಗೆ ಭಾರತದ ನಂಟೂ ಇದೆ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಅಲ್ಲಿನ ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರದಿಂದ ಅದು ಗುಣವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಗುಣಪಡಿಸಿದ ಅಂಶ ಯಾವುದೆಂದು ಆಗ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಒಂದು ಆಮ್ಲವನ್ನು ಬೇರ್ಪಡಿಸಿದರು. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ 'ಫೋಲಿಕ್' ಎಂದು ಹೆಸರಿಟ್ಟರು. ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲ ನೀಡಿದರೆ, ಹಿಂದೆ ಅಂಥ ತೊಂದರೆಯ ಶಿಶು ಹುಟ್ಟಿದ್ದ ತಾಯಂದಿರಲ್ಲಿ ಮಗುವಿನ ಬೆನ್ನುಹುರಿಯ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತೋರಿಸಿತು. ಆ ಪ್ರಯೋಗದಲ್ಲಿ ಕೊಟ್ಟದ್ದು ಮಾತ್ರೆ. ಸೊಪ್ಪು ತಿನ್ನುತ್ತೇನೆಂದು ಗರ್ಭಿಣಿಯರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಡುವುದು ಅಪಾಯಕರ.

ಸುಣ್ಣದ ಅಂಶದ ವಿಚಾರದಲ್ಲಿ ಮಾತ್ರ ಪಾಲಕ್ ನಿರಾಶೆಗೊಳಿಸುತ್ತದೆ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. 1988ರಲ್ಲಿ ಅಮೆರಿಕದ ಹೀನಿ, ವೀವರ್ ಮತ್ತು ಸಂಗಡಿಗರು ಹೋಲಿಸಿದಾಗ ಹಾಲಿನ ಕ್ಯಾಲ್ಸಿಯಂ ಸುಮಾರು ಶೇ 27ರಷ್ಟು ದೇಹಕ್ಕೆ ಸೇರಿದರೆ ಪಾಲಕ್‌ನದು ಶೇ 5 ಮಾತ್ರ ಸೇರಿತು. ಆಕ್ಸಲೇಟ್ ಕಡಿಮೆಯಿರುವ ಸಾಸಿವೆ ಸೊಪ್ಪಿನಂಥವು ಈ ದೃಷ್ಟಿಯಿಂದ ಮೇಲು. ಆಕ್ಸಲೇಟ್ ಕಲ್ಲು ಕಟ್ಟುವ ಪ್ರವೃತ್ತಿಯುಳ್ಳವರು ಪಾಲಕ್, ದಂಟು ಎರಡನ್ನೂ ಮಿತಗೊಳಿಸಬೇಕು.

ಬೇಯಿಸಿ ನೀರು ಬಸಿದರೆ ನೀರಿನಲ್ಲಿ ಕರಗುವ ಆಕ್ಸಲೇಟ್‌ನ ಗಣನೀಯ ಭಾಗ ಹೋಗುತ್ತದೆ. ಆದರೆ ಅದರೊಡನೆ ಫೋಲೇಟ್ ಮತ್ತು ಸಿ ಜೀವಸತ್ವವೂ ಹೋಗುತ್ತವೆ. ನಮ್ಮ ಬಸ್ಸಾರಿನಲ್ಲಿ ಬಸಿದ ನೀರೇ ಸಾರಾಗುವುದರಿಂದ ಜೀವಸತ್ವ ವ್ಯರ್ಥವಾಗದು. ಆಕ್ಸಲೇಟ್ ಕೂಡ ತಟ್ಟೆಗೇ ಮರಳುತ್ತದೆ. ಆರೋಗ್ಯವಂತರಿಗೆ ಬಸ್ಸಾರು ಲಾಭವೇ. ಮೂತ್ರಪಿಂಡದ ಕಲ್ಲು ಇರುವವರು ಪಲ್ಯವನ್ನಷ್ಟೇ ಬಡಿಸಿಕೊಂಡು ಸಾರನ್ನು ಬಿಡುವುದು ಕ್ಷೇಮ.

ಹಸಿಯಾಗಿ ತಿನ್ನುವವರಿಗೂ ಒಂದು ಎಚ್ಚರಿಕೆ. 2006ರಲ್ಲಿ ಅಮೆರಿಕದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸೇರಿದ್ದ ಪೊಟ್ಟಣದ ಹಸಿ ಪಾಲಕ್‌ನಿಂದ ಸುಮಾರು 200 ಮಂದಿ ಅಸ್ವಸ್ಥರಾಗಿದ್ದರು. ತೊಳೆಯುವುದರಿಂದ ಮಣ್ಣು ಹೋಗುತ್ತದೆ, ರೋಗಾಣು ಪೂರ್ತಿ ಹೋಗದು. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವ ಹೃದ್ರೋಗಿಗಳಿಗೆ ಪಾಲಕ್‌ನ ಕೆ ಜೀವಸತ್ವ ಔಷಧದ ವಿರುದ್ಧ ಕೆಲಸ ಮಾಡುತ್ತದೆ. ಅವರು ಸೊಪ್ಪನ್ನು ತ್ಯಜಿಸಬೇಕಿಲ್ಲ; ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಆಗದಂತೆ ನೋಡಿಕೊಂಡು, ಬದಲಿಸುವುದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.