ಹಂಪಿ ಎಂಬ ಹೆಣ್ಣಿನ ಹೆಸರು

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಮೊದಲ ಸಲ ಇಳಿದ ದಿನ ನನ್ನ ಕನ್ನಡವನ್ನು ತಿದ್ದಿದವರು ಹೂವಿನ ಬುಟ್ಟಿ ಹಿಡಿದು ಕೂತಿದ್ದ ಒಬ್ಬ ಅಜ್ಜಿ. ನಾನು ತುಮಕೂರು ಕಡೆಯವನು. ಆಗಷ್ಟೇ ಕನ್ನಡ ಎಂ.ಎ. ಸೇರಿದ್ದೆ, ಪುಸ್ತಕದ ಭಾಷೆ ನಾಲಿಗೆಯ ಮೇಲಿತ್ತು. "ಹಂಪೆಗೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ ಅಜ್ಜಿ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಪೆ ಅಂದ್ರ ಯಾವೂರಪಾ? ಹಂಪಿ ಅನ್ನು. ಅಗಾ, ಅಲ್ಲಿ ನಿಂತೈತಿ" ಎಂದರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಜ್ಜಿಯದು ತಪ್ಪೇನಲ್ಲ. ಈ ಸೀಮೆಯಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿಯಾಗುತ್ತದೆ, ಪೇಟೆ ಪೇಟಿಯಾಗುತ್ತದೆ, ಹಂಪೆ ಹಂಪಿಯಾಗುತ್ತದೆ. ಇಂಗ್ಲಿಷಿನವರು ಕೇಳಿಸಿಕೊಂಡದ್ದು ಜನರ ಬಾಯಿಂದ, ಪಂಡಿತರ ಓಲೆಗರಿಯಿಂದಲ್ಲ. ಹಾಗಾಗಿ ನಕ್ಷೆಯ ಮೇಲೂ ಲೋಕದ ಬಾಯಲ್ಲೂ ಉಳಿದದ್ದು ಅಜ್ಜಿಯ ಹಂಪಿಯೇ. ನಮ್ಮಂಥವರು ಮಾತ್ರ ಲೇಖನ ಬರೆಯುವಾಗ 'ಹಂಪೆ' ಎಂದು ಗಂಟಲು ಸರಿಮಾಡಿಕೊಳ್ಳುತ್ತೇವೆ.

ಆ ಹಂಪೆಯೂ ಮೊದಲಿನದಲ್ಲ. ಮೊದಲಿನದು ಪಂಪೆ. ಹಳಗನ್ನಡದ ಪಕಾರ ಸುಮಾರು 10ನೇ ಶತಮಾನದಿಂದ ಮೆಲ್ಲಗೆ ಹಕಾರವಾಗತೊಡಗಿ, 14ನೇ ಶತಮಾನದ ಹೊತ್ತಿಗೆ ಈ ಬದಲಾವಣೆ ನೆಲೆಗೊಂಡಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. 'ಹೆಸರು' ಎಂಬ ಮಾತೇ ಪೆಸರ್ ಆಗಿತ್ತು. ತಮಿಳರು ಇಂದಿಗೂ ಪಾಲ್, ಪುಲಿ, ಪೂ ಎನ್ನುತ್ತಾರೆ. ನಾವು ತುಟಿ ಸೇರಿಸುವುದನ್ನು ಬಿಟ್ಟು ಉಸಿರು ಬಿಟ್ಟೆವು. ಹೀಗೆ ಪಂಪೆ ಹಂಪೆಯಾದಾಗ ಒಂದು ತಮಾಷೆ ನಡೆಯಿತು. ಮೊದಲ ಪಕಾರ ಮಾತ್ರ ಬದಲಾಯಿತು, ಎರಡನೆಯದು ಕದಲಲಿಲ್ಲ. ಏಕೆಂದರೆ ಅದರ ಮುಂದೆ ಅನುನಾಸಿಕವಿದೆ, ತುಟಿ ಆಗಲೇ ಮುಚ್ಚಿರುತ್ತದೆ. ಪಕ್ಕದ ಕಂಪಿಲಿ ಕಂಪ್ಲಿಯಾದರೂ ಅದರ ಪಕಾರ ಉಳಿದದ್ದು ಇದೇ ಕಾರಣಕ್ಕೆ. ಹೊಸಪೇಟೆ ಎಂಬ ಹೆಸರನ್ನೂ ಒಮ್ಮೆ ಬಿಡಿಸಿ ನೋಡಿ: ಪೊಸ ಎಂಬುದು ಹೊಸ ಆಗಿದೆ, ಪೇಟೆ ಹೇಟೆಯಾಗಿಲ್ಲ. ಪಕಾರ ಹಕಾರವಾಗುವ ಗಾಳಿ ಬೀಸಿ ಮುಗಿದ ಮೇಲೆ ಆ ಪದ ನಮ್ಮಲ್ಲಿಗೆ ಬಂದಿರಬೇಕು.

12-13ನೇ ಶತಮಾನದ ಹರಿಹರ ಕವಿ ಈ ಊರಿನವನು. ಅವನ ಕೃತಿಯೊಂದರ ಹೆಸರು ಪಂಪಾಶತಕ. ಅವನನ್ನು ನಾವು ಕರೆಯುವುದು ಹಂಪೆಯ ಹರಿಹರ ಎಂದು. ಬರಹಕ್ಕೆ ಒಂದು ಹೆಸರು, ಬಳಕೆಗೆ ಇನ್ನೊಂದು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಾಜರಿ ಪುಸ್ತಕ ತೆರೆದರೆ ಹಂಪಮ್ಮ, ಹಂಪಣ್ಣ, ಹಂಪಯ್ಯ ಇರುತ್ತಾರೆ, ಪಂಪಾಪತಿಯೂ ಇರುತ್ತಾನೆ. ಅಜ್ಜ ಹಂಪಣ್ಣನಾಗಿ, ಓದಿದ ಮೊಮ್ಮಗ ಪಂಪಾಪತಿಯಾಗಿ ಒಂದೇ ಪಡಸಾಲೆಯಲ್ಲಿ ಕೂತಿರುವುದು ಇಲ್ಲಿ ವಿಶೇಷವೇನಲ್ಲ.

ಪಂಪೆ ಎಂದರೆ ಯಾರು? ತುಂಗಭದ್ರೆಗೆ ಇದ್ದ ಹಳೆಯ ಹೆಸರು. ಆ ದಡದ ದೇವಿಯ ಹೆಸರೂ ಹೌದು. ಸ್ಥಳಪುರಾಣದಲ್ಲಿ ಅವಳು ಬ್ರಹ್ಮನ ಮಗಳು. ಶಿವನಿಗಾಗಿ ತಪಸ್ಸು ಮಾಡಿ, ಹೇಮಕೂಟದಲ್ಲಿ ಕಾಮ ಸುಟ್ಟುಹೋದ ಮೇಲೆ ಅವನ ಕೈಹಿಡಿದಳು. ವಿಜಯನಗರ ಕಟ್ಟುವುದಕ್ಕೂ ಹಿಂದಿನ ಹಂಪಿಯನ್ನು ಅಧ್ಯಯನ ಮಾಡಿದ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ಶಾಸನಗಳನ್ನೂ ಗುಡಿಗಳನ್ನೂ ಹಿಡಿದು ವಾದಿಸಿರುವುದು ಇನ್ನೂ ಕುತೂಹಲಕರವಾಗಿದೆ. ಈ ಜಾಗದಲ್ಲಿ ಮೊದಲು ಇದ್ದವಳು ಪಂಪೆ, ಸ್ಥಳೀಯ ದೇವತೆ. ವಿರೂಪಾಕ್ಷ ಆಮೇಲೆ ಬಂದವನು. ಮದುವೆಯಾದ ಮೇಲೆ ಕ್ರಮೇಣ ದೊಡ್ಡ ಗುಡಿ, ದೊಡ್ಡ ಗೋಪುರ ಅವನದಾಯಿತು. ಅವಳದು ಅದೇ ಗುಡಿಯೊಳಗೊಂದು ಚಿಕ್ಕ ಸನ್ನಿಧಿ.

ವಿಜಯನಗರದ ದೊರೆಗಳು ತಾಮ್ರಶಾಸನಗಳ ಕೊನೆಗೆ ಕನ್ನಡದಲ್ಲಿ 'ಶ್ರೀ ವಿರೂಪಾಕ್ಷ' ಎಂದೇ ಅಂಕಿತ ಹಾಕಿದರು. ಆದರೂ ಆ ದೇವರನ್ನು ಜನ ಕರೆದದ್ದು ಪಂಪಾಪತಿ ಎಂದು. ಹೆಂಡತಿಯ ಹೆಸರಿನಿಂದ ಗುರುತಾದ ಮನೆಯಳಿಯ ಅವನು. ನಮ್ಮಲ್ಲಿ ಮದುವೆಯಾದ ಹುಡುಗಿ ಊರು ಬಿಡುತ್ತಾಳೆ, ಕೆಲವೊಮ್ಮೆ ಹೆಸರನ್ನೂ ಬಿಡುತ್ತಾಳೆ. ಹಂಪಿಯಲ್ಲಿ ಮಾತ್ರ ಹುಡುಗಿ ಎರಡನ್ನೂ ಬಿಡಲಿಲ್ಲ. ಮಾರ್ಗಶಿರದಲ್ಲಿ ಫಲಪೂಜೆ, ಅಂದರೆ ಇಬ್ಬರ ನಿಶ್ಚಿತಾರ್ಥ. ಚೈತ್ರದಲ್ಲಿ ಮದುವೆ, ತೇರು. ಪ್ರತಿ ವರ್ಷ ಹೊಸದಾಗಿ ಮದುವೆಯಾಗುವ ಈ ಜೋಡಿಗೆ ಸುತ್ತಲಿನ ಹಳ್ಳಿಗಳೆಲ್ಲ ಬೀಗರು.

ಇದು ತಲೆಯಲ್ಲಿ ಕೂತ ಮೇಲೆ ಹಂಪಿಯ ಉಳಿದ ಹೆಸರುಗಳನ್ನೂ ಅನುಮಾನದಿಂದ ನೋಡುವ ಚಾಳಿ ಹತ್ತಿತು. ಹಜಾರ ರಾಮನ ಗುಡಿಯ ಮುಂದೆ ಗೈಡುಗಳು 'ಹಜಾರ್ ಅಂದರೆ ಸಾವಿರ, ಸಾವಿರ ರಾಮರು' ಎನ್ನುತ್ತಾರೆ. ಪ್ರವಾಸಿಗರು ಪಾಪ ಗೋಡೆಯ ಮೇಲೆ ಎಣಿಸಲು ಶುರುಮಾಡುತ್ತಾರೆ. ನಮ್ಮ ಮನೆಗಳಲ್ಲಿ ಜನ ಬಂದು ಕೂರುವ ಜಾಗಕ್ಕೆ ಹಜಾರ ಎನ್ನುತ್ತೇವಲ್ಲ, ಅದೇ ಇದು. ತೆಲುಗಿನ ಹಜಾರಮು ಕೂಡ ಅದೇ. ಅರಮನೆಯ ಹಜಾರದ ರಾಮ ಅವನು. ಕನ್ನಡದವರಿಗೆ ಹಿಂದಿಯಿಂದ ಅರ್ಥ ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ ಹೆಸರು ಉಗ್ರನರಸಿಂಹ. ಸುಮಾರು 22 ಅಡಿ ಎತ್ತರದ ಈ ಏಕಶಿಲಾ ಮೂರ್ತಿಯನ್ನು ನಿಲ್ಲಿಸಿದ್ದು 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ. ಗುಡ್ಡೆಗಣ್ಣು, ತೆರೆದ ಬಾಯಿ ನೋಡಿದವರು 'ಉಗ್ರ' ಎಂದರು, ಪೋಸ್ಟ್‌ಕಾರ್ಡುಗಳು ಅದನ್ನೇ ಅಚ್ಚು ಹಾಕಿದವು. ನಿಜಕ್ಕೂ ಇವನು ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ನಗರ ಹಾಳಾದ ಮೇಲೆ ಅವಳು ಒಡೆದುಹೋದಳು. ಅವಳು ಹೋದ ಮೇಲೆ ಇವನು ಉಗ್ರನಾದ. ಹೆಂಡತಿ ಪಕ್ಕದಲ್ಲಿದ್ದಿದ್ದರೆ ಅದೇ ಮುಖಕ್ಕೆ ನಾವು ಬೇರೆ ಹೆಸರು ಇಡುತ್ತಿದ್ದೆವು. ಹಿಂಬದಿಗೆ ಹೋಗಿ ನೋಡಿದರೆ ಅವನ ಸೊಂಟದ ಹತ್ತಿರ ಪುಟ್ಟ ಕೈಯೊಂದು ಕಾಣುತ್ತದೆ. ಅಪ್ಪಿಕೊಂಡಿದ್ದ ಲಕ್ಷ್ಮಿಯ ಕೈ. ದೇಹವೆಲ್ಲ ಹೋಗಿ ಅಷ್ಟೇ ಉಳಿದಿದೆ. ಮುಂದಿನಿಂದ ಫೋಟೊ ತೆಗೆದು ಹೊರಡುವವರಿಗೆ ಅದು ಕಾಣುವುದಿಲ್ಲ.

ಪಕ್ಕದಲ್ಲೇ ನೀರಿನ ನಡುವೆ ನಿಂತ ದೊಡ್ಡ ಲಿಂಗ, ಬಡವಿಲಿಂಗ. ಬಡ ಹೆಂಗಸೊಬ್ಬಳು ಮಾಡಿಸಿದ್ದು ಎಂಬುದು ಕಥೆ. ಅವಳ ಹೆಸರು ಕಥೆಯಲ್ಲೂ ಇಲ್ಲ. ಆದರೆ ರಾಯರ ಊರಿನಲ್ಲಿ, ರಾಯರು ನಿಲ್ಲಿಸಿದ ಮೂರ್ತಿಯ ಪಕ್ಕದಲ್ಲೇ, ಅವಳ ಬಡತನವೇ ದೇವರ ಹೆಸರಾಗಿ ನಿಂತಿದೆ.

ಹೊಸಪೇಟೆಯ ವಿಷಯಕ್ಕೆ ಬರೋಣ. ಕೃಷ್ಣದೇವರಾಯ ಕಟ್ಟಿಸಿದ ಈ ಹೊಸ ಊರಿಗೆ ನಾಗಲಾಪುರ ಎಂದು ಹೆಸರಿತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ರಾಜ ತನ್ನ ಹೆಂಡತಿಯೊಬ್ಬಳ ಮೇಲಿನ ಪ್ರೀತಿಗಾಗಿ ಇದನ್ನು ಕಟ್ಟಿಸಿ ಅವಳ ಹೆಸರನ್ನೇ ಇಟ್ಟ ಎಂದು ಬರೆದಿದ್ದಾನೆ. ಸುಮಾರು 15 ವರ್ಷಗಳ ನಂತರ ಬರೆದ ನೂನಿಜ್, ರಾಯ ಯುವಕನಾಗಿದ್ದಾಗ ಒಲಿದ ಚಿನ್ನಾದೇವಿಯ ಕಥೆ ಹೇಳುತ್ತಾನೆ. ಆಕೆ ಕುಲೀನ ಮನೆತನದವಳಲ್ಲ, ವೇಶ್ಯೆ. ಪಟ್ಟಕ್ಕೆ ಬಂದ ಮೇಲೂ ರಾಯ ಅವಳನ್ನು ಬಿಡಲಿಲ್ಲ, ಮದುವೆಯಾದ. ತಿರುಮಲೆಯ ಗುಡಿಯಲ್ಲಿ ಕೈಮುಗಿದು ನಿಂತ ರಾಯನ ಲೋಹದ ಮೂರ್ತಿಯ ಎಡಬಲಕ್ಕೆ ತಿರುಮಲಾದೇವಿ, ಚಿನ್ನಾದೇವಿ ಇಬ್ಬರೂ ಇದ್ದಾರೆ. ಈ ಚಿನ್ನಾದೇವಿಯೇ ನಾಗಲಾದೇವಿ ಎಂದು ಹೇಳುತ್ತ ಬಂದಿದ್ದಾರೆ. ಸ್ವಾರಸ್ಯವೆಂದರೆ ರಾಯನ ತಾಯಿಯ ಹೆಸರೂ ನಾಗಲಾಂಬೆಯೇ. ಊರಿನ ಹೆಸರು ತಾಯಿಯದೆಂದು ಹೇಳಿಕೊಳ್ಳುವುದು ಮರ್ಯಾದಸ್ಥರಿಗೆ ಹೆಚ್ಚು ಹಿತವೆನಿಸೀತು. ನಾನು ಪೇಸನ ಪಕ್ಷ. ಅವನು ಆ ಊರು ಇನ್ನೂ ಹೊಸದಾಗಿದ್ದಾಗಲೇ ಅಲ್ಲಿ ಓಡಾಡಿದವನು.

ಜನ ಮಾತ್ರ ತಾಯಿ, ಹೆಂಡತಿ ಎರಡನ್ನೂ ಬಿಟ್ಟು 'ಹೊಸ ಪೇಟೆ' ಎಂದರು. ಹತ್ತಿಪ್ಪತ್ತು ವರ್ಷಕ್ಕೆ ಹಳೆಯದಾಗಬೇಕಿದ್ದ 'ಹೊಸ' 500 ವರ್ಷವಾದರೂ ಹೊಸದಾಗಿಯೇ ಇದೆ. ರಾಜರು ಇಟ್ಟ ಹೆಸರುಗಳಿಗೆ ಇಲ್ಲಿ ಆಯಸ್ಸು ಕಡಿಮೆ. ಹಂಪಿ ರಸ್ತೆಯ ಅನಂತಶಯನಗುಡಿಯನ್ನು ರಾಯ 1524ರಲ್ಲಿ ಮಗ ತಿರುಮಲನ ಹೆಸರಿನಲ್ಲಿ ಕಟ್ಟಿಸಿದ. ಆ ಊರಿಗೆ ಸಾಲೆ ತಿರುಮಲೆ ಮಹಾರಾಯಪುರ ಎಂದು ಉದ್ದನೆಯ ಹೆಸರಿಟ್ಟ. ಅಷ್ಟುದ್ದ ಕೂಗುವ ಕಂಡಕ್ಟರ್ ಇನ್ನೂ ಹುಟ್ಟಿಲ್ಲ. ಗುಡಿಯ ಹೆಸರೇ ಊರಿಗಾಯಿತು. ಗುಡಿಯಲ್ಲಿ ದೇವರಿಲ್ಲ ಎಂಬುದು ಬೇರೆ ಮಾತು. ಹಡಗಲಿ ಕಡೆಯ ಹೊಳಲಿನಲ್ಲಿ ಅನಂತಶಯನನ ದೊಡ್ಡ ಮೂರ್ತಿಯಿದೆ. ಇಲ್ಲಿಗೆ ಬರಬೇಕಿದ್ದವನು ಅಲ್ಲೇ ಮಲಗಿಬಿಟ್ಟ ಎಂದು ಜನ ನಗುತ್ತಾರೆ.

ವಿಜಯನಗರ ಎಂಬ ಹೆಸರೂ ಹೀಗೆಯೇ. ಪೋರ್ಚುಗೀಸರ ಬಾಯಲ್ಲಿ ಅದು ಬಿಸ್ನಗ ಆಗಿ ಇಡೀ ರಾಜ್ಯದ ಹೆಸರಾಯಿತು. 1565ರ ನಂತರ ನಗರ ಬರಿದಾದಾಗ ಹೆಸರೂ ನೆಲ ಬಿಟ್ಟು ಪುಸ್ತಕ ಸೇರಿತು. ಉಳಿದದ್ದು ಪಂಪೆಯ ಹೆಸರು. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಹಾಸ್ಪೆಟ್' ಅಧಿಕೃತವಾಗಿ ಹೊಸಪೇಟೆಯಾಯಿತು. 2021ರಲ್ಲಿ ಅದು ರಾಜ್ಯದ 31ನೇ ಜಿಲ್ಲೆಯ ಕೇಂದ್ರವಾದಾಗ ಜಿಲ್ಲೆಗೆ ವಿಜಯನಗರ ಎಂದು ಹೆಸರಿಟ್ಟರು. ಗಡಿ ಎಳೆದಾಗ ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ಆಡಳಿತಕ್ಕೆ ಅದು ಅನುಕೂಲವಿರಬಹುದು, ಇತಿಹಾಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ವಿಜಯನಗರಕ್ಕೆ ಮುಂಚೆ ಈ ಸೀಮೆಯನ್ನು ಆಳಿದ್ದು ಕಂಪಿಲಿ.

ಕಂಪ್ಲಿ ಈಗ ಭತ್ತ, ಬೆಲ್ಲ, ಹೊಳೆ ಸೇತುವೆಯ ಊರು. 11ನೇ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆಯಿತ್ತು. ಅದನ್ನು ಕೆಡವಿದೆವೆಂದು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಪಡುತ್ತವೆ. ಆದರೆ ಊರಿನ ಹೆಸರು ಜನಮನದಲ್ಲಿ ಉಳಿದದ್ದು ಕಂಪಿಲರಾಯನಿಂದ, ಅವನಿಗಿಂತ ಹೆಚ್ಚಾಗಿ ಮಗ ಕುಮಾರರಾಮನಿಂದ. ಕವಿ ನಂಜುಂಡ ಅವನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ. ಚೆಂಡಾಟದ ಚೆಂಡು ಕಿರಿಯ ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ, ಅವಳ ಚಾಡಿಗೆ ಅಪ್ಪ ಮಗನ ತಲೆ ತೆಗೆಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸುತ್ತಾನೆ. ರಾಮನಿಗೆ 'ಪರನಾರಿ ಸಹೋದರ' ಎಂಬ ಬಿರುದು. ಕೊನೆಗೆ ದೆಹಲಿಯ ಸೈನ್ಯ ನಡೆಸಿಕೊಂಡು ಬಂದು ಅವನನ್ನು ಮುಗಿಸುವವಳೂ ಕಥೆಯಲ್ಲಿ ಒಬ್ಬ ಹೆಂಗಸು, ಮಾತಂಗಿ.

ಅದೇ ಕಾಲದ ಕಥೆಯನ್ನು ಇಬ್ನ್ ಬತೂತ ಬೇರೆ ಕಡೆಯಿಂದ ಹೇಳುತ್ತಾನೆ. ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲರಾಯನ ಆಸರೆ ಬೇಡಿದ. ರಾಯ ಕೊಟ್ಟ. 1327ರಲ್ಲಿ ಮುತ್ತಿಗೆ ಬಿಗಿಯಾಗಿ ದವಸ ಮುಗಿದಾಗ ಅತಿಥಿಯನ್ನು ಬೇರೆಡೆಗೆ ಕಳಿಸಿ, ದೊಡ್ಡ ಬೆಂಕಿ ಹಾಕಿಸಿದ. ಅವನ ಹೆಂಡಿರು, ಹೆಣ್ಣುಮಕ್ಕಳು, ಮಂತ್ರಿಗಳ ಮನೆಯ ಹೆಂಗಸರು ಅದರಲ್ಲಿ ಬಿದ್ದರು. ಆಮೇಲೆ ಗಂಡಸರು ಹೋರಾಡಿ ಸತ್ತರು. ಕೊಟ್ಟ ಮಾತಿಗೆ ತಪ್ಪದ ರಾಯನನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಕಾವ್ಯದಲ್ಲಿ ರತ್ನಾಜಿಗೂ ಮಾತಂಗಿಗೂ ಹೆಸರಿದೆ, ಕೆಟ್ಟದ್ದಕ್ಕಾದರೂ. ಬೆಂಕಿಗೆ ಬಿದ್ದವರ ಒಂದು ಹೆಸರೂ ಬತೂತನಲ್ಲಿಲ್ಲ.

ಕೊನೆಗೆ ಸಂಡೂರು. ಸ್ಕಂದನ ಊರೇ ಸಂಡೂರು ಎಂದು ಭಕ್ತರು ಹೇಳುತ್ತಾರೆ. ಗುಡ್ಡಗಳ ಸಂದಿಯಲ್ಲಿರುವ ಊರು ಎಂದು ಇನ್ನು ಕೆಲವರು. ಭೀಮಗಂಡಿಯ ಕಿರಿದಾದ ಹಾದಿ ದಾಟಿ ಒಳಗೆ ಬರುವವರಿಗೆ ಎರಡನೆಯದು ಕಣ್ಣಿಗೇ ಕಾಣುತ್ತದೆ. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1932ರಲ್ಲೇ ದಲಿತರಿಗೆ ಗುಡಿಯ ಬಾಗಿಲು ತೆರೆಯಿತು. ತಿರುವಾಂಕೂರಿನ ಹೆಸರಾದ ಘೋಷಣೆ ಬಂದದ್ದು 1936ರಲ್ಲಿ. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು.

ಬೆಟ್ಟದ ಮೇಲೆ ಕುಮಾರಸ್ವಾಮಿ, ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ, ಚಾಲುಕ್ಯ-ರಾಷ್ಟ್ರಕೂಟರ ಕಾಲದ್ದು. ಗಣಪನ ವಿಷಯದಲ್ಲಿ ಅಪ್ಪ ಅಮ್ಮನ ಮೇಲೆ ಮುನಿಸಿಕೊಂಡ ಮಗ ಕುಡಿದ ಎದೆಹಾಲನ್ನೂ ಕಕ್ಕಿ ಇಲ್ಲಿಗೆ ಬಂದು ನಿಂತ ಎಂಬುದು ಕಥೆ. ಹೆಂಗಸರು ಅವನ ದರ್ಶನಕ್ಕೆ ಹೋಗಬಾರದು ಎಂಬ ನಂಬಿಕೆ ಬಹುಕಾಲದ್ದು.

ನಾನು ಹೋದದ್ದು ಮಳೆಗಾಲ ಮುಗಿಯುವ ಹೊತ್ತಿಗೆ, ಗುಡ್ಡವೆಲ್ಲ ಹಸಿರಾಗಿತ್ತು. ಜೊತೆಗೆ ಹೆಂಡತಿಯೂ ಬಂದಿದ್ದಳು. ನಾನು ಒಳಗೆ ಹೋಗಿ ಬರುವವರೆಗೂ ಅವಳು ಪಾರ್ವತಿಯ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು. ಅರ್ಚಕರು ಕೊಟ್ಟ ವಿಭೂತಿಯ ಪೊಟ್ಟಣವನ್ನು ತಂದು ಅವಳ ಕೈಗಿಟ್ಟೆ. "ಹೇಗಿದಾನೆ ಮಗ?" ಎಂದಳು. ಚೆನ್ನಾಗಿದ್ದಾನೆ ಎಂದೆ. ಅವಳು ಎದ್ದು ಒಳಗೆ ಹೋಗಿ ಆ ಪೊಟ್ಟಣವನ್ನು ಪಾರ್ವತಿಯ ಹೊಸ್ತಿಲ ಮೇಲೆ ಇಟ್ಟು ಬಂದಳು.