ಯಾದವಗಿರಿಯಿಂದ ಝುಫೆನ್‌ಹೌಸನ್‌ವರೆಗೆ: ಲೈನಿನ ಮೇಲೆ ಗಾಡಿ ಕಟ್ಟುವ ಕತೆ

ಬೆಳಿಗ್ಗೆ ಐದೂವರೆಗೆ ಮೈಸೂರಿನ ಶ್ರೀರಾಂಪುರದ ಹತ್ತಿರ ರಿಂಗ್ ರಸ್ತೆಯ ಬದಿಯಲ್ಲಿ ಹುಡುಗರು ನಿಂತಿರುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಸೇಫ್ಟಿ ಶೂ. ಮೊದಲ ಶಿಫ್ಟಿನ ಕಂಪನಿ ಬಸ್ಸು ಅವರನ್ನು ಹತ್ತಿಸಿಕೊಂಡು ನಂಜನಗೂಡು ರಸ್ತೆಯ ಕಡೆ ಹೊರಡುತ್ತದೆ. ನಮ್ಮ ಬೀದಿಯ ಐಟಿಐ ಓದಿದ ಹುಡುಗನೊಬ್ಬ ದ್ವಿಚಕ್ರ ವಾಹನದ ಕಾರ್ಖಾನೆಯೊಂದಕ್ಕೆ ಹೋಗುತ್ತಾನೆ. ಏನು ಕೆಲಸವಪ್ಪ ಎಂದರೆ, "ಹ್ಯಾಂಡಲ್ ಬಾರು, ಸಾರ್" ಎನ್ನುತ್ತಾನೆ. ಗಾಡಿ ಮುಂದೆ ಬರುತ್ತದೆ, ಹ್ಯಾಂಡಲ್ ಕೂರಿಸಿ ಬೋಲ್ಟು ಬಿಗಿ ಮಾಡುತ್ತಾನೆ, ಗನ್ನು ಕೀಂ ಎನ್ನುತ್ತದೆ, ಗಾಡಿ ಹೋಗುತ್ತದೆ. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಈಚೆಗೆ ಒಂದು ಸಂಜೆ ಅವನು ತನ್ನ ಫೋನಿನಲ್ಲಿ ಜರ್ಮನಿಯ ಪೋರ್ಶೆ ಕಾರ್ಖಾನೆಯ ವಿಡಿಯೋ ತೋರಿಸಿದ. ಒಬ್ಬ ಕೆಲಸಗಾರ ಕಾರಿನೊಳಗೆ ಕೂತು ವೈರುಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸುತ್ತಿದ್ದ. ಆತುರವೇ ಇರಲಿಲ್ಲ. "ಇಷ್ಟು ನಿಧಾನ ಯಾಕೆ ಸಾರ್? ನಮ್ಮಲ್ಲಾಗಿದ್ರೆ ಲೈನೇ ನಿಂತುಹೋಗ್ತಿತ್ತು" ಎಂದ.

ಅವನ ಪ್ರಶ್ನೆಗೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಊಟ, ಕಾಫಿ ಕಳೆದು ಒಂದು ಶಿಫ್ಟಿನಲ್ಲಿ 450 ನಿಮಿಷ ಸಿಗುತ್ತದೆ ಎಂದುಕೊಳ್ಳಿ. 450 ಗಾಡಿ ಹೊರಬರಬೇಕೆಂದರೆ ಪ್ರತಿಯೊಬ್ಬನ ಪಾಲಿಗೆ ಬರುವುದು ಒಂದು ನಿಮಿಷ. ಹತ್ತೇ ಸಾಕು ಎಂದರೆ 45 ನಿಮಿಷ. ಒಂದು ನಿಮಿಷದಲ್ಲಿ ಮನುಷ್ಯ ಮಾಡಬಲ್ಲದ್ದು ಒಂದು ಕೆಲಸ. 45 ನಿಮಿಷದಲ್ಲಿ ಅವನು ಗಾಡಿಯ ಒಂದು ಭಾಗವನ್ನೇ ಕಟ್ಟಬಲ್ಲ. ವಾಹನ ಕಟ್ಟುವ ವಿದ್ಯೆ ಬೆಳೆದುಬಂದ ದಾರಿಯನ್ನು ನೋಡುತ್ತಾ ಹೋದರೆ, ಯಂತ್ರಕ್ಕಿಂತ ಹೆಚ್ಚಾಗಿ ಈ ಎಣಿಕೆಯೇ ಪ್ರತಿಯೊಂದನ್ನೂ ನಿರ್ಧರಿಸಿದೆ ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಲೈನು ಹಾಕಿದಾಗ, ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಮಾಡೆಲ್ ಟಿ ಛಾಸಿಯ ಜೋಡಣೆ ಮುಂದಿನ ವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿದಿತ್ತು. ಆ ವಿದ್ಯೆ ನಮ್ಮ ನಾಡಿಗೂ ಬರಲಿ ಎಂದು ಮೊದಲು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಅವರು ಮೋಟಾರು ಕಾರ್ಖಾನೆಯ ಯೋಜನೆ ತಯಾರಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದರ ಕಾರು ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿಗೆ ಅದಕ್ಕೂ ಮೊದಲೇ, 1940ರ ಡಿಸೆಂಬರಿನಲ್ಲಿ, ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ತಂದರು. ಕಾರಿನ ಕನಸು ಕಂಡ ನಾಡಿಗೆ ವಿಮಾನ ಸಿಕ್ಕಿತು. ಆದರೂ ವಿಶ್ವೇಶ್ವರಯ್ಯನವರ ಆ ಯೋಜನೆ ಆಗಲೇ ಕೈಗೂಡಿದ್ದರೆ ನಮ್ಮ ಊರುಗಳ ಚಹರೆಯೇ ಬೇರೆ ಇರುತ್ತಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ.

ಮೈಸೂರಿಗೆ ಲೈನು ಬಂದದ್ದು ಬೈಕಿನ ರೂಪದಲ್ಲಿ. ರುಸ್ತುಂ ಮತ್ತು ಫರೂಕ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ 1961ರಲ್ಲಿ ಯಾದವಗಿರಿಯಲ್ಲಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಬೈಕು ಜೆಕೊಸ್ಲೊವಾಕಿಯಾದ್ದು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕಿನ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರ, ಅದರ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿ ಇಟ್ಟ ಹೆಸರು ಜಾವಾ. ಮೊದಮೊದಲು ಭಾಗಗಳು ಅಲ್ಲಿಂದ ಹಡಗೇರಿ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಕ್ರಮೇಣ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು.

ಪೆಟ್ಟಿಗೆ ಬಿಚ್ಚಿ ಜೋಡಿಸುವುದಕ್ಕೂ ತಾನೇ ಮಾಡುವುದಕ್ಕೂ ನಡುವಿನ ಅಂತರ ಹೊರಗಿನವರಿಗೆ ಸುಲಭಕ್ಕೆ ಕಾಣುವುದಿಲ್ಲ. ಜೋಡಿಸಲು ಪಾನಾ ಹಿಡಿಯಲು ಬಂದರೆ ಸಾಕು. ಭಾಗವನ್ನೇ ಮಾಡಬೇಕೆಂದರೆ ಎರಕ ಹೊಯ್ಯುವವರು, ಗೇರಿನ ಹಲ್ಲು ಕತ್ತರಿಸುವವರು, ಕ್ರೋಮ್ ಹಾಕುವವರು, ಅಳತೆ ನೋಡುವವರು ಬೇಕು. ಇಂಥ ಕೈಗಳು ಮೈಸೂರಿನಲ್ಲಿ ತಯಾರಾದದ್ದರಲ್ಲಿ ಯಾದವಗಿರಿಯ ಪಾಲು ದೊಡ್ಡದು. 1980ರ ದಶಕದಲ್ಲಿ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದವು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಹೀರೋ ಹೋಂಡಾದ ಎದುರು 250 ಸಿಸಿಯ ಟೂ-ಸ್ಟ್ರೋಕ್ ಗಾಡಿಗೆ ಉಳಿಗಾಲ ಕಷ್ಟವಾಯಿತು. ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಮಿಕ ವಿವಾದಗಳೂ ಸೇರಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳು ಮೈಸೂರಿನ ರಸ್ತೆಗಿಳಿಯುವಾಗ ಕಿವಿಗೆ ಬೀಳುವುದು ಆ ಲೈನಿನ ಸದ್ದೇ. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಆದರೆ ಹೊಸ ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಊರಿನಲ್ಲಿ ಕೆಲಸ ಮಾತ್ರ ನಿಲ್ಲಲಿಲ್ಲ. 1981ರಲ್ಲಿ ಸ್ಥಾಪನೆಯಾದ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ ಲಾರಿಗಳಿಗೆ ಆಕ್ಸಲ್ ಮಾಡುತ್ತಿದೆ, ಹಳೆಯ ವಿಕ್ರಾಂತ್ ಟೈರ್ಸ್ ಜೆಕೆ ಟೈರ್ ಹೆಸರಿನಲ್ಲಿ ನಡೆಯುತ್ತಿದೆ, ಕಡಕೊಳದ ಬಳಿ ಟಿವಿಎಸ್ ಬಂದಿದೆ.

ಕಾರಿನ ವಿಷಯಕ್ಕೆ ಬಂದರೆ, ಕರ್ನಾಟಕದ ಸಣ್ಣ ಕಂಪನಿಗಳು ಮಾಡಿದ ಸಾಹಸದಲ್ಲಿ ಸ್ಪೋರ್ಟ್ಸ್ ಕಾರಿನ ಒಳಗುಟ್ಟೇ ಅಡಗಿದೆ. ಉಕ್ಕಿನ ತಗಡನ್ನು ಕಾರಿನ ಬಾಗಿಲಾಗಿಯೋ ಬಾನೆಟ್ಟಾಗಿಯೋ ಒತ್ತಲು ದೊಡ್ಡ ಪ್ರೆಸ್ಸು, ಅದರೊಳಗೆ ಗಟ್ಟಿ ಉಕ್ಕಿನ ಡೈ ಬೇಕು. ಒಂದು ಕಾರಿನ ಡೈಗಳಿಗೆಲ್ಲ ಸೇರಿ ಕೋಟಿಗಟ್ಟಲೆ ಖರ್ಚು. ಲಕ್ಷ ಕಾರು ಮಾರಿದರೆ ಆ ಖರ್ಚು ಒಂದೊಂದು ಕಾರಿನ ಮೇಲೆ ಸ್ವಲ್ಪ ಸ್ವಲ್ಪವೇ ಹಂಚಿಹೋಗುತ್ತದೆ. ಸಾವಿರ ಮಾರಿದರೆ ಕಂಪನಿಯೇ ಮುಳುಗುತ್ತದೆ. ಬೆಂಗಳೂರಿನ ಸಿಪಾನಿ ಹಾಗಾಗಿ ಫೈಬರಿನ ದಾರಿ ಹಿಡಿಯಿತು. ಮೂರು ಚಕ್ರದ ಬಾದಲ್ ಆದ ಮೇಲೆ, 1982ರಲ್ಲಿ, ಬ್ರಿಟನ್ನಿನ ರಿಲಾಯೆಂಟ್ ಕಿಟನ್ ಆಧರಿಸಿದ ಡಾಲ್ಫಿನ್ ಬಂತು. ಹಗುರ ಮೈಯ ಆ ಪುಟ್ಟ ಕಾರು ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟರ್ಸ್ ಎರಡೇ ಸೀಟಿನ, ಮಾಡು ತೆರೆಯುವ ಸ್ಯಾನ್ ಸ್ಟಾರ್ಮ್ ತಂದಾಗಲೂ ಮೈ ಫೈಬರಿನದೇ, ಇಂಜಿನ್ ರೆನೋದ 1.2 ಲೀಟರಿನದು.

ಫೈಬರ್ ಕೆಲಸ ಹೀಗೆ. ಅಚ್ಚಿನ ಒಳಮೈಗೆ ಮೇಣ ತಿಕ್ಕಿ, ಜೆಲ್ ಕೋಟ್ ಬಳಿದು, ಗಾಜಿನ ನಾರಿನ ಹಾಸು ಹಾಸಿ, ರೆಸಿನ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಬೇಕು. ಆಮೇಲೆ ಗಟ್ಟಿಯಾಗಲು ಗಂಟೆಗಟ್ಟಲೆ ಕಾಯಬೇಕು. ಅಚ್ಚು ಅಗ್ಗ, ಕಾಯುವಿಕೆ ದುಬಾರಿ. ಹತ್ತು ಕಾರಿಗೆ ಇದು ವರ, ಹತ್ತು ಸಾವಿರಕ್ಕೆ ಅಸಾಧ್ಯ.

ಬೆಂಗಳೂರಿನ ರೇವಾ ಈ ಗಂಟನ್ನು ಇನ್ನೂ ಜಾಣತನದಿಂದ ಬಿಡಿಸಿತು. ಚೇತನ್ ಮೈನಿಯವರ ಈ ಬ್ಯಾಟರಿ ಕಾರು 2001ರಲ್ಲಿ ಬಂತು. ಉಕ್ಕಿನ ಕೊಳವೆಗಳ ಹಂದರಕ್ಕೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ, ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಬೆರೆತಿತ್ತು. ಹೀಗಾಗಿ ಪ್ರೆಸ್ ಶಾಪೂ ಬೇಡ, ಪೇಂಟ್ ಶಾಪೂ ಬೇಡ. ಕಾರು ಕಾರ್ಖಾನೆಯ ಅತಿ ದುಬಾರಿ ಎರಡು ಕಟ್ಟಡಗಳನ್ನೇ ಅವರು ಕಟ್ಟಲಿಲ್ಲ. ರೇವಾದ ರೂಪವನ್ನು ಹಲವರು ಲೇವಡಿ ಮಾಡಿದ್ದಾರೆ. ಅದರೊಳಗಿನ ಈ ಲೆಕ್ಕಾಚಾರಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎಣಿಕೆಯ ಇನ್ನೊಂದು ತುದಿ ಬಿಡದಿಯಲ್ಲಿದೆ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸತೊಡಗಿತು. ಟೊಯೋಟಾ ಪದ್ಧತಿಯಲ್ಲಿ ಭಾಗಗಳನ್ನು ರಾಶಿ ಹಾಕಿಟ್ಟುಕೊಳ್ಳುವುದಿಲ್ಲ, ಬೇಕಾದಾಗ ಬೇಕಾದಷ್ಟೇ ತರಿಸುತ್ತಾರೆ. ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಲೈನು ನಿಲ್ಲಿಸಬಹುದು. ಆದರೆ ಸೆಕೆಂಡು ಲೆಕ್ಕದ ಕೆಲಸದ ಹೊರೆ ಕೆಲಸಗಾರನ ಮೈಮೇಲೆಯೇ ಬೀಳುತ್ತದೆ. 2020ರ ನವೆಂಬರಿನಲ್ಲಿ ಬಿಡದಿ ಕಾರ್ಖಾನೆ ಲಾಕ್‌ಔಟ್ ಆದಾಗ ಕಾರ್ಮಿಕರು ಎತ್ತಿದ ಮಾತುಗಳಲ್ಲಿ ಇದೂ ಒಂದು. ಲೈನಿನ ವೇಗವನ್ನು ಹೊಗಳುವವರು ಆ ಮಾತನ್ನೂ ಕೇಳಿಸಿಕೊಳ್ಳಬೇಕು.

ಇನ್ನು ಹುಡುಗ ತೋರಿಸಿದ ಕಾರ್ಖಾನೆ. ಸ್ಟುಟ್‌ಗಾರ್ಟ್ ನಗರದ ಝುಫೆನ್‌ಹೌಸನ್‌ನಲ್ಲಿ ಜಾಗ ಕಡಿಮೆ, ಹಾಗಾಗಿ ಪೋರ್ಶೆ ಕಾರು ಮಹಡಿಯಿಂದ ಮಹಡಿಗೆ ಸಾಗುತ್ತಾ ತಯಾರಾಗುತ್ತದೆ. ಅದರ 911 ಕಾರಿನ ಮೈ ಉಕ್ಕು ಮತ್ತು ಅಲ್ಯೂಮಿನಿಯಮ್ ಬೆರೆತದ್ದು. ಇವೆರಡನ್ನು ಸಾದಾ ವೆಲ್ಡಿಂಗಿನಿಂದ ಕೂಡಿಸಲು ಬಾರದು, ಅಂಟು ಹಾಕಿ ರಿವೆಟ್ ಹೊಡೆಯುತ್ತಾರೆ. ಬಣ್ಣದ ಸ್ನಾನ ಮುಗಿಸಿ ಬಂದ ಮೈಯಿಂದ ಬಾಗಿಲುಗಳನ್ನು ಬಿಚ್ಚಿ ಬೇರೆ ಕಡೆ ಕಳಿಸುತ್ತಾರೆ, ಒಳಗೆ ಕೆಲಸ ಮಾಡುವವನಿಗೆ ಅಡ್ಡವಾಗಬಾರದೆಂದು. ಆ ಕಾರಿಗೇ ಬೇಕಾದ ಭಾಗಗಳು ಮಾತ್ರ ಇರುವ ಬುಟ್ಟಿಯೊಂದು ಕಾರಿನ ಜೊತೆಗೇ ಸಾಗುತ್ತದೆ. ಒಂದು ಕಾರಿಗೆ ಕೆಂಪು ಚರ್ಮದ ಸೀಟು, ಹಿಂದಿನದಕ್ಕೆ ಕಪ್ಪು, ಅದರ ಹಿಂದೆ ರೇಸಿಗೆ ಹೋಗುವ ಜಿಟಿ3 ಕಪ್. ಅದೂ ಇದೇ ಲೈನಿನಲ್ಲಿ. ಕೊನೆಗೆ ಇಂಜಿನ್, ಗೇರ್ ಬಾಕ್ಸು, ಆಕ್ಸಲ್ಲು ಕೆಳಗಿನಿಂದ ಏರಿ ಬಂದು ಮೈಗೆ ಸೇರುತ್ತವೆ. ಈ ಘಟ್ಟವನ್ನು ಜರ್ಮನರು ಮದುವೆ ಎಂದೇ ಕರೆಯುತ್ತಾರೆ.

ಇಷ್ಟು ಅಚ್ಚುಕಟ್ಟು ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. 1990ರ ದಶಕದ ಆರಂಭದಲ್ಲಿ ಪೋರ್ಶೆ ದಿವಾಳಿಯ ಅಂಚಿನಲ್ಲಿತ್ತು. ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್ ಜಪಾನಿನಿಂದ ಟೊಯೋಟಾದಲ್ಲಿ ಪಳಗಿದ ಇಂಜಿನಿಯರುಗಳನ್ನು ಕರೆಸಿದರು. ಲೈನಿನ ಪಕ್ಕ ಆಳೆತ್ತರದ ಕಪಾಟುಗಳಲ್ಲಿ ಭಾಗಗಳು ತುಂಬಿದ್ದನ್ನು ಕಂಡ ಅವರು ಇದು ಕಾರ್ಖಾನೆಯೋ ಗೋದಾಮೋ ಎಂಬಂತೆ ತರಾಟೆಗೆ ತೆಗೆದುಕೊಂಡರು. ವೀಡೆಕಿಂಗ್ ತಾವೇ ಗರಗಸ ಹಿಡಿದು ಕಪಾಟುಗಳ ಮೇಲರ್ಧವನ್ನು ಕೊಯ್ದುಹಾಕಿದರು.

ಸ್ಪೋರ್ಟ್ಸ್ ಕಾರು ಕಟ್ಟುವವರು ಟೊಯೋಟಾದಿಂದ ಲೈನಿನ ಶಿಸ್ತು ಕಲಿತರೆ, ಟೊಯೋಟಾ ಸ್ಪೋರ್ಟ್ಸ್ ಕಾರಿಗಾಗಿ ಲೈನಿನ ಬೆಲ್ಟನ್ನೇ ಬಿಟ್ಟಿತು. ಜಪಾನಿನ ಮೊಟೊಮಾಚಿಯಲ್ಲಿ 2020ರಿಂದ ಜಿಆರ್ ಯಾರಿಸ್ ತಯಾರಾಗುವ ವಿಭಾಗದಲ್ಲಿ ಉದ್ದದ ಕನ್ವೇಯರ್ ಇಲ್ಲ. ಅನುಭವಿ ಕೆಲಸಗಾರರ ಬಿಡಿ ಬಿಡಿ ಅಂಕಣಗಳಿವೆ, ಚಾಲಕನಿಲ್ಲದ ಗಾಡಿಗಳು ಕಾರನ್ನು ಅಂಕಣದಿಂದ ಅಂಕಣಕ್ಕೆ ಒಯ್ಯುತ್ತವೆ. ಪೋರ್ಶೆಯ ವಿದ್ಯುತ್ ಕಾರು ಟೈಕಾನ್ ಕೂಡ 2019ರಿಂದ ಇಂಥ ಗಾಡಿಗಳ ಮೇಲೆಯೇ ಸಾಗುತ್ತಿದೆ. ಇನ್ನೊಂದು ಕಡೆ, ಬ್ರಿಟನ್ನಿನ ಮೆಕ್‌ಲಾರೆನ್ ಕಂಪನಿ 1990ರ ದಶಕದ ತನ್ನ ಎಫ್1 ಕಾರಿನ ಕಾರ್ಬನ್ ಫೈಬರ್ ಒಡಲೊಂದಕ್ಕೆ ಸುಮಾರು 3000 ಗಂಟೆ ವ್ಯಯಿಸುತ್ತಿತ್ತು. 2011ರ ಹೊತ್ತಿಗೆ ಅಚ್ಚಿನೊಳಗೆ ಒತ್ತಡದಿಂದ ರೆಸಿನ್ ತುಂಬುವ ವಿಧಾನದಲ್ಲಿ ಅದನ್ನು ಸುಮಾರು ನಾಲ್ಕು ಗಂಟೆಗೆ ಇಳಿಸಿತು. ಸಿಪಾನಿಯವರನ್ನು ಕಾಯಿಸಿದ ರೆಸಿನ್ನಿನ ಅಣ್ಣತಮ್ಮನೇ ಇದು. ಕಾಯುವ ಹೊತ್ತನ್ನು ಗೆದ್ದವರು ಮಾತ್ರ ಬೇರೆ.

ಹುಡುಗನಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿ, ಪಕ್ಕದ ಬೀದಿಯಲ್ಲಿರುವ ಹಿರಿಯರ ಮನೆಗೆ ಒಂದು ಭಾನುವಾರ ಕರೆದುಕೊಂಡು ಹೋದೆ. ಅವರು ಯಾದವಗಿರಿಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು, ಅಂಗಳದಲ್ಲಿ ಅವರ ರೋಡ್‌ಕಿಂಗ್ ಬಿಚ್ಚಿಕೊಂಡಿತ್ತು. ಕಿಕ್ಕರೂ ಗೇರೂ ಒಂದೇ ಕಡ್ಡಿ ಎನ್ನುವುದನ್ನು ಹುಡುಗ ಎರಡು ಸಲ ಒತ್ತಿ ನೋಡಿದ. ಅವರು ಹಳೆಯ ಪೇಪರಿನ ಮೇಲಿದ್ದ ಪಿಸ್ಟನ್ ಎತ್ತಿ ಅವನ ಕೈಗಿಟ್ಟರು. "ರಿಂಗ್ ಹಾಕಪ್ಪ ನೋಡೋಣ." ಅವನು ಹಾಕಿದ. ಅವರು ಬೆರಳಿನಿಂದ ರಿಂಗನ್ನು ಸವರಿ ಇಲ್ಲವೆಂದು ತಲೆಯಾಡಿಸಿದರು. ರಿಂಗು ಕೂರುವ ಕಾಲುವೆಯಲ್ಲಿ ಸಾಸಿವೆಯಷ್ಟು ಸಣ್ಣ ಮೊಳೆಯೊಂದಿದೆ, ರಿಂಗಿನ ಎರಡು ತುದಿಗಳು ಅದರ ಆಚೀಚೆ ಕೂರಬೇಕು. ಇಲ್ಲದಿದ್ದರೆ ರಿಂಗು ತಿರುಗಿ, ತುದಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. "ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗತ್ತೆ" ಎಂದರು. ಹುಡುಗ ಬಿಚ್ಚಿ ಮತ್ತೆ ಹಾಕಿದ. ಮೂರನೆಯ ಸಲಕ್ಕೆ ಸರಿಯಾಯಿತು. ಹೆಡ್ಡಿನ ನಾಲ್ಕು ನಟ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿಸಿದರು. ಗನ್ನಿನ ಕೀಂ ಸದ್ದಿಲ್ಲದೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯದೆ, ಪ್ರತಿ ಸಲವೂ ಅವರ ಮುಖ ನೋಡುತ್ತಿದ್ದ.

ಇಂಜಿನ್ ಫ್ರೇಮಿಗೆ ಏರುವ ಹೊತ್ತಿಗೆ ರಾತ್ರಿ ಎಂಟೂವರೆ. ಕಾಫಿ ಕುಡಿದು ಎದ್ದೆವು. ಹುಡುಗನಿಗೆ ಮರುದಿನ ಮೊದಲ ಶಿಫ್ಟು.